ಕೊಳವೆಬಾವಿ ಮೋಟರಿನ ಗುಂಡಿ ಈಗ ಬೆಂಗಳೂರಿನಲ್ಲಿದೆ

ಮಾನ್ಯ ಸಂಪಾದಕರೇ,

ಪಂಪ್‌ಸೆಟ್‌ಗಳಿಗೆ ಎಷ್ಟು ಗಂಟೆ ತ್ರೀಫೇಸ್ ವಿದ್ಯುತ್ ಕೊಡಬೇಕು, ಅದನ್ನು ಹಗಲು ಪಾಳಿಯಲ್ಲಿ ಕೊಡಬೇಕೋ ರಾತ್ರಿ ಪಾಳಿಯಲ್ಲೋ, ಸುಟ್ಟುಹೋದ ಟಿ.ಸಿ.ಯನ್ನು (ಟ್ರಾನ್ಸ್‌ಫಾರ್ಮರನ್ನು) ಬದಲಿಸಲು ಏಕೆ ಇಷ್ಟು ತಡವಾಗುತ್ತದೆ ಎಂಬ ವಿಷಯಗಳು ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತವೆ. ಆ ಚರ್ಚೆ ಬೇಕಾದದ್ದೇ. ಆದರೆ ವಿದ್ಯುತ್ ಹೊಲದವರೆಗೆ ಬಂದ ಮೇಲೆ ಏನಾಗುತ್ತದೆ, ಮೋಟರನ್ನು ಚಾಲೂ ಮಾಡುವವರು ಯಾರು, ನಿಲ್ಲಿಸುವವರು ಯಾರು ಎಂಬುದು ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ಬದಲಾಗಿಬಿಟ್ಟಿದೆ. ಫೋನ್ ಕರೆಯಿಂದಲೇ ಮೋಟರನ್ನು ಚಾಲೂ ಮಾಡುವ, ನಿಲ್ಲಿಸುವ ಮೊಬೈಲ್ ಸ್ಟಾರ್ಟರ್ ಎಂಬ ಪುಟ್ಟ ಪೆಟ್ಟಿಗೆ ನಮ್ಮ ನಿದ್ದೆಯನ್ನು ಉಳಿಸಿತು. ಅದೇ ಪೆಟ್ಟಿಗೆ ನಮ್ಮ ಅಂತರ್ಜಲವನ್ನೂ ಉಳಿಸುವಂತೆ ಮಾಡಲು ಸಾಧ್ಯವಿದೆ, ಮಾಡದಿದ್ದರೆ ಮುಂದೆ ಎತ್ತಲು ನೀರೇ ಇರುವುದಿಲ್ಲ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಂಡ್ಯ ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕನ್ನಂಬಾಡಿ, ವಿಶ್ವೇಶ್ವರಯ್ಯ ನಾಲೆ, ಕಬ್ಬು ಮತ್ತು ಭತ್ತದ ಗದ್ದೆಗಳು. ನಾಗಮಂಗಲ ತಾಲ್ಲೂಕಿನ ನಮ್ಮ ಭಾಗಕ್ಕೆ ಆ ಚಿತ್ರ ಹೊಂದುವುದಿಲ್ಲ. ಹೇಮಾವತಿ ನಾಲೆಯ ನೀರು ತಾಲ್ಲೂಕಿನ ಒಂದಷ್ಟು ಊರುಗಳಿಗೆ, ಒಂದಷ್ಟು ಕೆರೆಗಳಿಗೆ ತಲುಪುತ್ತದೆ. ಉಳಿದವರೆಲ್ಲ ರಾಗಿ, ಹುರುಳಿಯನ್ನು ಮಳೆಗೆ ಬಿಟ್ಟು, ತೆಂಗನ್ನು ಕೊಳವೆಬಾವಿಗೆ ಬಿಟ್ಟು ಬದುಕುವವರು. ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಸವೆದ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ನಿಂತ ನೀರಷ್ಟೇ ನಮ್ಮ ಆಸ್ತಿ. ಎತ್ತುಗಳಿಂದ ನೀರೆತ್ತುವ ಕಪಿಲೆ ಕಟ್ಟುತ್ತಿದ್ದ ಕಾಲದ ತೆರೆದ ಬಾವಿಗಳು ಈಗಲೂ ತೋಟಗಳ ಮೂಲೆಯಲ್ಲಿವೆ. ಅವುಗಳೊಳಗೆ ಮರ ಬೆಳೆದಿದೆ.

ಮೊದಲು ಈ ಪೆಟ್ಟಿಗೆಯ ಉಪಕಾರವನ್ನು ಹೇಳುವುದು ನ್ಯಾಯ. ರಾತ್ರಿ ಪಾಳಿಯ ಕರೆಂಟಿನಲ್ಲಿ ಬೇಸಾಯ ಮಾಡಿದವರಿಗೆ ಅದರ ಕಷ್ಟ ಗೊತ್ತು. ನಡುರಾತ್ರಿ ಕರೆಂಟು ಬಂತೆಂದರೆ ಟಾರ್ಚು, ಕೋಲು ಹಿಡಿದು ತೋಟಕ್ಕೆ ಹೋಗಬೇಕು. ಬದುವಿನ ಮೇಲೆ ಹಾವಿರುತ್ತದೆ, ಕಾಡುಹಂದಿ ಇರುತ್ತದೆ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದರೆ ಕರೆಂಟು ಹೊಡೆಯುವ ಭಯವಿರುತ್ತದೆ. ಗಂಡಸರು ತೋಟದಿಂದ ಮರಳುವವರೆಗೆ ಮನೆಯಲ್ಲಿ ಹೆಂಗಸರು ದೀಪ ಆರಿಸುತ್ತಿರಲಿಲ್ಲ. ಸಂಜೆ ಹೊತ್ತಿಗೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳಬೇಕೆಂದರೆ ತಂದೆಗೆ ತೂಕಡಿಕೆ. ಮೊಬೈಲ್ ಸ್ಟಾರ್ಟರ್ ಈ ಕಷ್ಟವನ್ನೆಲ್ಲ ಒಂದೇ ಏಟಿಗೆ ಕಳೆಯಿತು. ನಮ್ಮ ಊರಿನ ರೈತ ಕುಟುಂಬಗಳಿಗೆ ಇತ್ತೀಚಿನ ವರ್ಷಗಳಲ್ಲಿ ನಿಜವಾಗಿ ನೆಮ್ಮದಿ ತಂದ ಯಂತ್ರ ಯಾವುದು ಎಂದು ಯಾರಾದರೂ ಕೇಳಿದರೆ, ಟ್ರ್ಯಾಕ್ಟರಿಗಿಂತ ಮೊದಲು ನಾನು ಇದರ ಹೆಸರು ಹೇಳುತ್ತೇನೆ.

ಅದು ಕೆಲಸ ಮಾಡುವ ಬಗೆ ಸರಳ. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ನೋಂದಾಯಿಸಿದ ಸಂಖ್ಯೆಯಿಂದ ಕರೆ ಮಾಡಿದರೆ ಮೋಟರ್ ಚಾಲೂ ಆಗುತ್ತದೆ, ಮತ್ತೆ ಕರೆ ಮಾಡಿದರೆ ನಿಲ್ಲುತ್ತದೆ. ಮೂರು ಫೇಸ್‌ಗಳಲ್ಲಿ ಒಂದು ಹೋದರೆ, ವೋಲ್ಟೇಜ್ ಕುಸಿದರೆ, ಬೋರಿನಲ್ಲಿ ನೀರು ಇಳಿದು ಮೋಟರ್ ಬರಿದೇ ತಿರುಗಿದರೆ ಅದು ತಾನೇ ಮೋಟರನ್ನು ನಿಲ್ಲಿಸಿ ಫೋನಿಗೆ ಸಂದೇಶ ಕಳುಹಿಸುತ್ತದೆ. ಪೆಟ್ಟಿಗೆಯ ಮುಖದ ಮೇಲೆ ಕೆಂಪು, ಹಳದಿ, ನೀಲಿ ದೀಪಗಳ ಕೆಳಗೆ ಒಂದು ಚಿಕ್ಕ ಗುಂಡಿ ಇದೆ. ಒಂದು ಕಡೆಗೆ ತಿರುಗಿಸಿದರೆ ‘ಮ್ಯಾನುಯಲ್’, ಇನ್ನೊಂದು ಕಡೆಗೆ ತಿರುಗಿಸಿದರೆ ‘ಆಟೋ’. ಆಟೋದಲ್ಲಿಟ್ಟರೆ ಯಾರೂ ಕರೆ ಮಾಡುವ ಅಗತ್ಯವೇ ಇಲ್ಲ. ಕರೆಂಟು ಬಂದೊಡನೆ ಮೋಟರ್ ಚಾಲೂ, ಕರೆಂಟು ಹೋದಾಗಲೇ ಬಂದ್. ನಮ್ಮ ಸುತ್ತಿನ ತೋಟಗಳಲ್ಲಿ ನಾನು ನೋಡಿದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಆಟೋದಲ್ಲೇ ಇವೆ. ನನ್ನ ತಕರಾರು ಇರುವುದು ಆ ಒಂದು ಗುಂಡಿಯ ಬಗ್ಗೆ.

ಲೆಕ್ಕ ಹಾಕಿ ನೋಡೋಣ. ಸುಮಾರು 300 ಅಡಿ ಆಳದಿಂದ ನೀರೆತ್ತುವ 5 ಎಚ್‌ಪಿ ಮೋಟರ್, ಬೋರಿನಲ್ಲಿ ನೀರಿದ್ದರೆ, ಗಂಟೆಗೆ ಹೆಚ್ಚುಕಡಿಮೆ 7,000 ಲೀಟರ್ ಎತ್ತುತ್ತದೆ. ಸರ್ಕಾರ ಹೇಳುವ ಏಳು ಗಂಟೆಯೂ ಕರೆಂಟು ಬಂದರೆ ಅದು 49,000 ಲೀಟರ್. 25 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 70 ತೆಂಗಿನ ಮರ, ಎರಡು ಎಕರೆಗೆ 140. ಹನಿ ನೀರಾವರಿಯಲ್ಲಿ ಬೇಸಿಗೆಯ ದಿನಕ್ಕೆ ಮರವೊಂದಕ್ಕೆ 60 ಲೀಟರ್ ಎಂದು ಧಾರಾಳವಾಗಿಯೇ ಹಿಡಿದರೂ ಬೇಕಾಗುವುದು 8,400 ಲೀಟರ್. ಅಂದರೆ ಒಂದೂಕಾಲು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಮೋಟರ್ ಏಳು ಗಂಟೆ ಓಡುತ್ತದೆ. ಹೆಚ್ಚಾಗಿ ಎತ್ತಿದ ನಲವತ್ತು ಸಾವಿರ ಲೀಟರ್ ಬದುವಿನಿಂದ ಬದುವಿಗೆ, ಅಲ್ಲಿಂದ ಬಂಡಿದಾರಿಗೆ ಹರಿಯುತ್ತದೆ. ಜಲಜೀವನ್ ಮಿಷನ್ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದರೆ, ಅದು ಏಳುನೂರಕ್ಕೂ ಹೆಚ್ಚು ಜನರಿರುವ ಒಂದು ಊರಿನ ದಿನದ ನೀರು. ಅದೇ ಊರಿನ ಕುಡಿಯುವ ನೀರಿನ ಬೋರು ಏಪ್ರಿಲ್ ಹೊತ್ತಿಗೆ ಬತ್ತಿ, ಟ್ಯಾಂಕರ್ ಬರುವ ದಾರಿಯನ್ನು ಹೆಂಗಸರು ಕಾಯುತ್ತಿರುತ್ತಾರೆ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 700 ಮಿಲಿಮೀಟರ್ ಆಸುಪಾಸು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್. ಹಾಗಾದರೆ ವರ್ಷಕ್ಕೆ ಎಕರೆಗೆ 28 ಲಕ್ಷ ಲೀಟರ್ ಬೀಳುತ್ತದೆ. ಕೇಳಲು ಬಹಳ ಎನಿಸುತ್ತದೆ. ಆದರೆ ಇಂಥ ಕಲ್ಲುನೆಲದಲ್ಲಿ ನೂರಕ್ಕೆ ಹತ್ತು ಪಾಲು ಕೆಳಗಿಳಿದರೆ ಅದೇ ಹೆಚ್ಚು. ಎರಡು ಎಕರೆಯಲ್ಲಿ ಇಡೀ ವರ್ಷ ಇಂಗುವುದು ಐದೂವರೆ ಲಕ್ಷ ಲೀಟರ್ ಎಂದಿಟ್ಟುಕೊಂಡರೆ, ದಿನಕ್ಕೆ 49,000 ಲೀಟರ್ ಎತ್ತುವ ಮೋಟರ್ ಅದನ್ನು ಹನ್ನೆರಡು ದಿನಗಳಲ್ಲಿ ಹೊರಗೆ ಹಾಕಿಬಿಡುತ್ತದೆ. ಬಿಟ್ಟ ನೀರಿನಲ್ಲಿ ಸ್ವಲ್ಪ ಮತ್ತೆ ಇಂಗುತ್ತದೆ ಎಂಬುದು ನಿಜ, ಸುತ್ತಲಿನ ಮಳೆಯಾಶ್ರಿತ ಬೆದ್ದಲು ಭೂಮಿಯಲ್ಲಿ ಇಂಗಿದ ನೀರೂ ನಮ್ಮ ಬೋರಿನ ಕಡೆಗೆ ಹರಿದು ಬರುತ್ತದೆ ಎಂಬುದೂ ನಿಜ. ಆ ನೀರಿನ ಬಲದಿಂದಲೇ ನಾವು ಇಷ್ಟು ವರ್ಷ ಬದುಕಿದ್ದೇವೆ. ಅಳತೆಯಿಂದ ದಿನಕ್ಕೆ 8,400 ಲೀಟರ್ ಬಿಟ್ಟುಕೊಂಡರೆ ನಮ್ಮ ಪಾಲಿನ ನೀರೇ ಎರಡು ತಿಂಗಳು ದಾಟುತ್ತದೆ, ಪಕ್ಕದ ಭೂಮಿಯ ಸಹಾಯದಿಂದ ಬೇಸಿಗೆಯೂ ಕಳೆಯುತ್ತದೆ. ಆದರೆ ಪಕ್ಕದ ಬೆದ್ದಲಿನಲ್ಲೂ ಈಗ ಬೋರು ಕೊರೆದಿದ್ದಾರೆ, ಅಲ್ಲಿಯ ಪೆಟ್ಟಿಗೆಯೂ ಆಟೋದಲ್ಲಿದೆ.

ನೀರಿನ ಜೊತೆಗೆ ವಿದ್ಯುತ್ ಜಾಲಕ್ಕೂ ಇದರಿಂದ ಪೆಟ್ಟು ಬೀಳುತ್ತಿದೆ. ಮೋಟರ್ ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಹಿಂದೆ ರೈತರು ಒಬ್ಬೊಬ್ಬರಾಗಿ ತೋಟಕ್ಕೆ ಹೋಗಿ ಗುಂಡಿ ಒತ್ತುತ್ತಿದ್ದುದರಿಂದ ಆ ಹೊರೆ ಹಂಚಿಹೋಗುತ್ತಿತ್ತು. ಈಗ ಕರೆಂಟು ಬಂದ ಕೂಡಲೇ ಒಂದು ಟಿ.ಸಿ.ಯ ಮೇಲಿರುವ ಮೋಟರುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟರ್ ಇನ್ನಷ್ಟು ಕರೆಂಟು ಎಳೆದು ಬಿಸಿಯಾಗುತ್ತದೆ, ಕೊನೆಗೆ ಸುಡುವುದು ಯಾರದೋ ಮೋಟರಿನ ಕಾಯಿಲ್ ಅಥವಾ ಟಿ.ಸಿ. ಟಿ.ಸಿ. ಸುಟ್ಟರೆ ಅದರ ಕೆಳಗಿರುವ ಎಲ್ಲರ ಫಸಲೂ ಒಣಗುತ್ತದೆ. ಕರೆಂಟು ಬಂದು ಎಷ್ಟು ಹೊತ್ತಾದ ಮೇಲೆ ಮೋಟರ್ ಚಾಲೂ ಆಗಬೇಕು ಎಂದು ನಿಗದಿ ಮಾಡುವ ವ್ಯವಸ್ಥೆ ಈ ಪೆಟ್ಟಿಗೆಗಳಲ್ಲೇ ಇದೆ. ಒಂದೇ ಟಿ.ಸಿ.ಯ ರೈತರು ಕುಳಿತು ಒಬ್ಬರಿಗೆ ಎರಡು ನಿಮಿಷ, ಇನ್ನೊಬ್ಬರಿಗೆ ನಾಲ್ಕು, ಮತ್ತೊಬ್ಬರಿಗೆ ಆರು ಎಂದು ಹಂಚಿಕೊಂಡರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ತೊಂದರೆ ನೀಗುತ್ತದೆ. ಹಂಚಿಕೊಂಡವರನ್ನು ಮಾತ್ರ ನಾನಿನ್ನೂ ನೋಡಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಅದು ಹರಿದದ್ದು ಕೋಲಾರದ ಚಿನ್ನದ ಗಣಿಗೆ, ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ದೀಪಗಳಿಗೆ. ನಾಡಿಗೆ ಅಷ್ಟು ಮೊದಲೇ ಬೆಳಕು ಕೊಟ್ಟ ಜಿಲ್ಲೆಯ ರೈತ ಇಂದಿಗೂ ನಡುರಾತ್ರಿಯ ಕರೆಂಟಿಗೆ ಕಾಯಬೇಕಾಗಿರುವುದು ನೋವಿನ ಸಂಗತಿ. ಆಟೋ ಗುಂಡಿಯ ಮೂಲವೂ ಇಲ್ಲೇ ಇದೆ. ರಾತ್ರಿ ಯಾವ ಹೊತ್ತಿಗೆ ಬಂದೀತೋ, ಎಷ್ಟು ಹೊತ್ತು ಇದ್ದೀತೋ ಗೊತ್ತಿಲ್ಲದ ಕರೆಂಟನ್ನು ನಂಬಲಾರದ ರೈತ, ಬಂದಷ್ಟನ್ನೂ ಹಿಡಿದುಕೊಳ್ಳೋಣ ಎಂದು ಆಟೋದಲ್ಲಿಟ್ಟು ಮಲಗುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ.

ವ್ಯಾಪಾರದ ಮಾತಿಗೆ ಬರುತ್ತೇನೆ. ಪೇಟೆಯ ಅಂಗಡಿಗಳಲ್ಲಿ ಮೊಬೈಲ್ ಸ್ಟಾರ್ಟರ್ ಮಾರುವಾಗ ಮೊದಲು ತೋರಿಸುವ ಗುಣವೇ ಆಟೋ. ‘ಒಂದು ಸಲ ಹಾಕಿಬಿಡಿ, ಆಮೇಲೆ ತೋಟದ ಕಡೆ ತಿರುಗಿ ನೋಡಬೇಕಾಗಿಲ್ಲ’ ಎಂದು ಹೇಳಿಯೇ ಮಾರುತ್ತಾರೆ. ಇಷ್ಟು ಗಂಟೆಯಾದ ಮೇಲೆ ತಾನೇ ನಿಲ್ಲುವಂತೆ ಸಮಯ ಹೊಂದಿಸುವುದನ್ನು, ದಿನ ಬಿಟ್ಟು ದಿನ ಓಡುವಂತೆ ಮಾಡುವುದನ್ನು ತೋರಿಸಿಕೊಡುವವರು ವಿರಳ. ನೀರು ಇಳಿದಂತೆ ಅಂಗಡಿಯ ವ್ಯಾಪಾರ ಏರುತ್ತದೆ ಎಂಬುದು ಕಹಿಯಾದ ಸತ್ಯ. 5 ಎಚ್‌ಪಿ ಜಾಗಕ್ಕೆ ಏಳೂವರೆ ಬರುತ್ತದೆ, ಏಳೂವರೆಯ ಜಾಗಕ್ಕೆ ಹತ್ತು ಬರುತ್ತದೆ, ಪೈಪು, ಕೇಬಲ್ಲು ಉದ್ದವಾಗುತ್ತವೆ, ಅದೂ ಸಾಲದಾದಾಗ ಬೋರು ಕೊರೆಯುವ ಲಾರಿ ಊರಿಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಅದನ್ನು ಕಸಿಯಬೇಕೆಂದು ನಾನು ಖಂಡಿತ ಹೇಳುವುದಿಲ್ಲ, ಅದು ಇಲ್ಲದಿದ್ದರೆ ಸಣ್ಣ ಹಿಡುವಳಿದಾರ ಎಂದೋ ಊರು ಬಿಡುತ್ತಿದ್ದ. ಆದರೆ ಬಿಲ್ಲು ಬರದ ಮನೆಗೆ ತಾನು ಎಷ್ಟು ಎತ್ತಿದೆ ಎಂದು ತಿಳಿಸುವ ಕಾಗದವೂ ಬರುವುದಿಲ್ಲ.

ಮದ್ದೂರಿನ ಎಳನೀರು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಅಲ್ಲಿಂದ ಮುಂಬೈ, ದೆಹಲಿಗೆ ಹೊರಡುವ ಲಾರಿಗಳಲ್ಲಿ ನಮ್ಮ ತೋಟಗಳ ಕಾಯಿಯೂ ಇರುತ್ತದೆ. ಎಳನೀರಿಗೆ ಬೆಲೆ ಬಂದ ಮೇಲೆ ರಾಗಿ ಹೊಲಗಳೂ ತೆಂಗಿನ ತೋಟಗಳಾಗುತ್ತಿವೆ. ಸಂಸಾರ ನಡೆಸುವವರು ಬೆಲೆ ಬಂದ ಬೆಳೆಯ ಹಿಂದೆ ಹೋಗುವುದು ಸಹಜ. ರಾಗಿ ಒಂದು ವರ್ಷ ಹೋದರೆ ಮುಂದಿನ ವರ್ಷ ಬಿತ್ತಬಹುದು. ತೆಂಗು ಹಾಗಲ್ಲ, ಬೋರು ಬತ್ತಿದ ಬೇಸಿಗೆಯಲ್ಲಿ ಸುಳಿ ಒಣಗಿದ ಮರ ಹತ್ತು ಹದಿನೈದು ವರ್ಷಗಳ ಶ್ರಮವನ್ನು ಒಟ್ಟಿಗೆ ತೆಗೆದುಕೊಂಡು ಹೋಗುತ್ತದೆ. ಹಾಗಾಗಿ ಈ ವ್ಯಾಪಾರ ಉಳಿಯಬೇಕೆಂದು ಬಯಸುವವರಿಗೇ ನೀರಿನ ಚಿಂತೆ ಎಲ್ಲರಿಗಿಂತ ಹೆಚ್ಚಾಗಿ ಇರಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮನೆಯೊಳಗಿನ ಬದಲಾವಣೆ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ತಂದೆ ತಾಯಿ ಊರಿನಲ್ಲಿ, ಮಕ್ಕಳು ಬೆಂಗಳೂರಿನಲ್ಲಿ. ಪೆಟ್ಟಿಗೆ ಕೊಂಡವನು ಮಗ, ಅದರ ಆ್ಯಪ್ ಇರುವುದು ಮಗನ ಫೋನಿನಲ್ಲಿ, ನೋಂದಾಯಿಸಿರುವುದೂ ಅವನ ಸಂಖ್ಯೆಯನ್ನೇ. ಊರಿನಲ್ಲಿರುವ ತಾಯಿ ದಿನಾ ಬೆಳಿಗ್ಗೆ ತೋಟಕ್ಕೆ ಹೋಗುತ್ತಾರೆ, ಯಾವ ಮರದ ಬುಡ ಒಣಗಿದೆ, ಎಲ್ಲಿ ಕೆಸರಾಗಿದೆ ಎಂಬುದು ಅವರಿಗೆ ಗೊತ್ತು, ಆದರೆ ಮೋಟರ್ ನಿಲ್ಲಿಸುವ ಅಧಿಕಾರ ಅವರ ಕೈಯಲ್ಲಿಲ್ಲ. ನಮ್ಮ ಪಕ್ಕದ ತೋಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಳಿಲು ಕಡಿದ ಡ್ರಿಪ್ ಪೈಪಿನಿಂದ ನೀರು ಚಿಮ್ಮಿ ಬದು ಕುಸಿಯುತ್ತಿತ್ತು. ಆ ತಾಯಿ ಕೀಪ್ಯಾಡ್ ಫೋನಿನಿಂದ ಮಗನಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದರು. ಮಗ ಕಚೇರಿಯ ಮೀಟಿಂಗಿನಲ್ಲಿದ್ದ. ಅವನು ಕರೆ ತೆಗೆದು, ಆ್ಯಪ್ ತೆರೆದು ನಿಲ್ಲಿಸುವ ಹೊತ್ತಿಗೆ ಕೆಳಗಿನ ಹೊಲದ ಹುರುಳಿಯ ಮಡಿಯಲ್ಲಿ ನೀರು ನಿಂತಿತ್ತು. ಆ ಮಗ ಒಳ್ಳೆಯವನು, ತಂದೆಯ ನಿದ್ದೆಗಾಗಿಯೇ ಪೆಟ್ಟಿಗೆ ತಂದವನು. ಆದರೆ ಒಂದೇ ಪೆಟ್ಟಿಗೆಗೆ ಹಲವು ಸಂಖ್ಯೆಗಳನ್ನು ಸೇರಿಸಬಹುದು, ಕೀಪ್ಯಾಡ್ ಫೋನಿನಿಂದಲೂ ಮೋಟರ್ ನಿಲ್ಲಿಸಬಹುದು ಎಂದು ಆ ಮನೆಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮೊದಲ ಸಂಖ್ಯೆ ನನ್ನ ಶ್ರೀಮತಿಯದು. ತೋಟವನ್ನು ನನಗಿಂತ ಹೆಚ್ಚು ನೋಡುವವರು ಅವರು.

ಹೊಲಕ್ಕೆ ಹೋಗುವುದು ನಿಂತರೆ ನಿಲ್ಲುವುದು ನಡಿಗೆ ಒಂದೇ ಅಲ್ಲ. ಗೇಟ್ ವಾಲ್ವ್ ತಿರುಗಿಸಲು ಬಂದ ಇಬ್ಬರು ಬದುವಿನ ಮೇಲೆ ನಿಂತು, ‘ನಿಮ್ಮದರಲ್ಲಿ ಈಗ ಎಷ್ಟು ಇಂಚು ಬರುತ್ತಿದೆ, ನಮ್ಮದು ಹೋದ ತಿಂಗಳಿಗಿಂತ ಕಡಿಮೆಯಾಗಿದೆ’ ಎಂದು ಮಾತಾಡಿಕೊಳ್ಳುತ್ತಿದ್ದರು. ಅಂತರ್ಜಲದ ಬಗ್ಗೆ ಊರಿಗಿದ್ದ ತಿಳಿವಳಿಕೆ ಆ ಮಾತುಗಳಲ್ಲಿತ್ತು. ಮಕ್ಕಳು ಜೊತೆಗಿದ್ದರೆ ಅವರ ಕಿವಿಗೂ ಅದು ಬೀಳುತ್ತಿತ್ತು. ಈಗ ಆ ಮಾಹಿತಿ ಹೆಚ್ಚು ಕರಾರುವಾಕ್ಕಾಗಿ ಪೆಟ್ಟಿಗೆಯಲ್ಲೇ ದಾಖಲಾಗುತ್ತಿದೆ. ಮೋಟರ್ ಎಷ್ಟು ಹೊತ್ತಿಗೆ ಚಾಲೂ ಆಯಿತು, ಎಷ್ಟು ಹೊತ್ತಿಗೆ ನೀರಿಲ್ಲವೆಂದು ನಿಂತಿತು ಎಂಬ ಸಂದೇಶಗಳು ಫೋನಿನಲ್ಲಿವೆ. ಜನವರಿಯಲ್ಲಿ ಐದು ಗಂಟೆ ಓಡಿದ ಮೇಲೆ ನಿಲ್ಲುತ್ತಿದ್ದ ಮೋಟರ್ ಮಾರ್ಚಿನಲ್ಲಿ ಮೂರು ಗಂಟೆಗೇ ನಿಂತರೆ ಬೋರಿನ ಸ್ಥಿತಿ ಏನೆಂದು ತಿಳಿಯಲು ಭೂಗರ್ಭ ವಿಜ್ಞಾನಿಗಳು ಬರಬೇಕಾಗಿಲ್ಲ. ಆದರೆ ಆ ಸಂದೇಶಗಳು ಬೆಂಗಳೂರಿನ ಫೋನಿನಲ್ಲಿ, ನೂರಾರು ಇತರ ಸಂದೇಶಗಳ ನಡುವೆ, ಯಾರೂ ಓದದೆ ಬಿದ್ದಿವೆ.

ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿಯ ಜನ ಪ್ರತಿವರ್ಷ ಗ್ರಾಮಸಭೆಯಲ್ಲಿ ಮಳೆಯ ಅಳತೆಯನ್ನೂ ಬಾವಿಗಳ ನೀರಿನ ಮಟ್ಟವನ್ನೂ ಮುಂದಿಟ್ಟುಕೊಂಡು ಆ ವರ್ಷ ಯಾವ ಬೆಳೆ ಇಡಬೇಕೆಂದು ತೀರ್ಮಾನಿಸುತ್ತಾರೆ. ಅವರು ಅದನ್ನು ಆರಂಭಿಸಿದ ಕಾಲಕ್ಕೆ ಅವರ ಬಳಿ ಮೊಬೈಲ್ ಸ್ಟಾರ್ಟರ್ ಇರಲಿಲ್ಲ. ನಮ್ಮ ಬಳಿ ಇದೆ. ಡಿಸೆಂಬರ್ ಅಥವಾ ಜನವರಿಯ ಒಂದು ಗ್ರಾಮಸಭೆಯಲ್ಲಿ ಒಂದೊಂದು ಟಿ.ಸಿ.ಯ ರೈತರು ತಮ್ಮ ಮೋಟರ್ ಓಡಿದ ಗಂಟೆಗಳನ್ನೂ ನೀರಿಲ್ಲದೆ ನಿಂತ ದಿನಗಳನ್ನೂ ಒಂದು ಹಾಳೆಯಲ್ಲಿ ಬರೆದು ಓದಿದರೆ, ಬರುವ ಬೇಸಿಗೆಗೆ ಎಷ್ಟು ಗಂಟೆ ನೀರೆತ್ತಬಹುದು ಎಂಬ ಅಂದಾಜು ಊರಿಗೇ ಸಿಗುತ್ತದೆ. ಮಳವಳ್ಳಿ ತಾಲ್ಲೂಕಿನ ಕುಂದಿನಿ ಬೆಟ್ಟದಲ್ಲಿ ಕುರಿ ಮೇಯಿಸುತ್ತಲೇ ಕಟ್ಟೆಗಳನ್ನು ತೋಡಿದ ದಿವಂಗತ ಕಾಮೇಗೌಡರ ಜಿಲ್ಲೆ ಇದು. ನೀರು ಇಂಗಿಸಲು ಒಬ್ಬರು ಅಷ್ಟು ದುಡಿದ ನೆಲದಲ್ಲಿ, ಎತ್ತುವ ನೀರಿನ ಲೆಕ್ಕವಿಡುವುದು ನಮಗೆ ಭಾರವಾಗಬಾರದು.

ವಿದ್ಯುತ್ ಸರಬರಾಜು ನಿಗಮದವರಲ್ಲಿ ನನ್ನ ವಿನಂತಿ ಒಂದೇ, ಪಂಪ್‌ಸೆಟ್‌ಗೆ ಹಗಲಿನಲ್ಲಿ, ಹೇಳಿದ ಹೊತ್ತಿಗೆ ಕರೆಂಟು ಕೊಡಿ. 2019ರಲ್ಲಿ ಆರಂಭವಾದ ಕೇಂದ್ರದ ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ತರುವ ಮಾರ್ಗಗಳಾದ ಕೃಷಿ ಫೀಡರ್‌ಗಳನ್ನೇ ಸೌರಶಕ್ತಿಗೆ ಜೋಡಿಸಲು ಅವಕಾಶವಿದೆ, ನಮ್ಮ ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಅದಕ್ಕೆ ಚಾಲನೆಯೂ ಸಿಕ್ಕಿದೆ. ಬಿಸಿಲಿಗೆ ಕೊರತೆಯಿಲ್ಲದ ನಾಗಮಂಗಲ, ಕೆ.ಆರ್. ಪೇಟೆ ಭಾಗದ ಫೀಡರ್‌ಗಳಿಗೆ ಅದು ಬೇಗ ಬರಬೇಕು. ಹಗಲಿನ ಏಳು ಗಂಟೆ ಖಾತ್ರಿಯಾದರೆ ರೈತನಿಗೆ ಆಟೋದ ಆಸರೆ ಬೇಕಾಗುವುದಿಲ್ಲ. ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರು ಹನಿ ನೀರಾವರಿಗೆ ಸಹಾಯಧನ ಮಂಜೂರು ಮಾಡುವಾಗಲೇ ಆ ತೋಟದ ಮರಗಳ ಸಂಖ್ಯೆಗೆ ತಕ್ಕಂತೆ ಮೋಟರ್ ಎಷ್ಟು ನಿಮಿಷ ಓಡಬೇಕೆಂದು ಬರೆದುಕೊಡಲಿ, ಅಂಗಡಿಯವರು ಪೆಟ್ಟಿಗೆ ಕೂರಿಸುವ ದಿನವೇ ಆ ಸಮಯವನ್ನು ಅದರಲ್ಲಿ ಹೊಂದಿಸಿ, ಮನೆಯಲ್ಲಿ ತೋಟ ನೋಡುವ ಹೆಣ್ಣುಮಗಳ ಸಂಖ್ಯೆಯನ್ನೂ ಸೇರಿಸಿಕೊಡಲಿ. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು ಈ ಪತ್ರ ಓದಿದರೆ, ಮುಂದಿನ ಸಲ ಊರಿಗೆ ಬಂದಾಗ ತಂದೆ ತಾಯಿಯ ಜೊತೆ ಪಂಪ್‌ಹೌಸಿಗೆ ಹೋಗಿ, ಆಟೋ ಗುಂಡಿಯನ್ನು ತಿರುಗಿಸಿ, ಎಷ್ಟು ಹೊತ್ತು ನೀರು ಬಿಡಬೇಕೆಂದು ಅವರನ್ನೇ ಕೇಳಿ ಸಮಯ ಹೊಂದಿಸಿ ಹೋಗಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆಂಗು ಬೆಳೆಗಾರ,
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ